ಹುಸೇನನ ಸೆಲ್ಫ್ ಗೋಲು

ರಾಮನಗರದ ಫುಟ್‌ಬಾಲ್ ಮೈದಾನದಲ್ಲಿ ಹುಸೇನ್ ಅಡ್ಡ ನಿಂತನೆಂದರೆ ಚೆಂಡು ದಾಟಿಸಿಕೊಂಡು ಹೋದವರು ಕಡಿಮೆ. ವಾರವೆಲ್ಲ ರೀಲಿಂಗ್ ಶೆಡ್ಡಿನ ಬಿಸಿನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದು ಅವನ ಬೆರಳುಗಳು ಬಿಳಿಚಿಕೊಂಡಿರುತ್ತಿದ್ದವು. ಭಾನುವಾರ ಬೂಟು ಕಟ್ಟಿದ ಮೇಲೆ ಮಾತ್ರ ಅವನು ಬೇರೆಯೇ ಮನುಷ್ಯ. ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯ ದಾಸಪ್ಪ ಪ್ರತಿ ಪಂದ್ಯಕ್ಕೂ ಅಂಗಡಿ ಮುಚ್ಚಿ ಬಂದು, ಗೋಲಿನ ಹಿಂದೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ: ‘ಹುಸೇನು ಅವ್ನೆ ಕಣ್ರಲಾ, ಹೆದ್ರಬ್ಯಾಡ್ರಿ!’

ಬಿಡದಿಯ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಶೆಡ್ಡಿನ ಕೆಲಸ ಕುಂಟತೊಡಗಿದಾಗ ಹುಸೇನ್ ಅಲ್ಲೊಂದು ಫ್ಯಾಕ್ಟರಿ ಸೇರಿದ. ಮರುವರ್ಷ ಆ ಫ್ಯಾಕ್ಟರಿಯವರೂ ಟೀಮು ಕಟ್ಟಿ ಟೂರ್ನಮೆಂಟಿನ ಫೈನಲ್ಲಿಗೇ ಬಂದುಬಿಟ್ಟರು. ಎದುರಿಗೆ ರಾಮನಗರ.

‘ನಮ್ ಕಡೆ ಆಡಪ್ಪಾ’ ಎಂದ ಸೂಪರ್‌ವೈಸರ್.

‘ಇಲ್ಲ ಸಾರ್. ನಾನು ಊರಿನ ಟೀಮು.’

ಈ ಮಾತು ಊರಿನ ಯಾರ ಕಿವಿಗೂ ಬೀಳಲಿಲ್ಲ.

ಫೈನಲ್ ಮುಗಿಯುವ ಹೊತ್ತಿಗೆ ಎರಡೂ ಕಡೆ ಗೋಲಿರಲಿಲ್ಲ. ಫ್ಯಾಕ್ಟರಿಯವರು ಬಲಗಡೆಯಿಂದ ಚೆಂಡು ಒಳಗೆ ಒದ್ದರು. ತಡೆಯಲು ಹುಸೇನ್ ಕಾಲು ಚಾಚಿದ. ಚೆಂಡು ಮೊಣಕಾಲಿಗೆ ತಾಗಿ ದಿಕ್ಕು ಬದಲಿಸಿ ಅವನದೇ ಟೀಮಿನ ಗೋಲಿನೊಳಗೆ ಹೋಯಿತು.

ಮೊದಲು ಕೂಗಿದವನು ದಾಸಪ್ಪನೇ. ‘ಕಂಪ್ನಿ ಅನ್ನಕ್ಕೆ ಊರ್ನೇ ಮಾರ್ಬುಟ್ಟಲ್ಲೋ!’

ಕೂಗು ಮೈದಾನದ ಸುತ್ತ ಹಬ್ಬಿತು. ಹುಸೇನ್ ತಮ್ಮ ಟೀಮಿನ ಕ್ಯಾಪ್ಟನ್ ಕಡೆ ನೋಡಿದ. ಅಕ್ಕೂರಿನ ದೇವರಾಜು, ಶೆಡ್ಡಿಗೆ ಗೂಡು ತಂದಾಗಿನಿಂದ ಸ್ನೇಹಿತ. ಹುಸೇನನ ಪರವಾಗಿ ಅವನು ಒಂದು ಮಾತು ಆಡಬಹುದಿತ್ತು. ಅವನು ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದ.

ಮುಂದಿನ ಪಂದ್ಯಗಳಲ್ಲಿ ಹುಸೇನ್ ಚೆಂಡು ಮುಟ್ಟಿದರೆ ಸಾಕು, ಸ್ವಂತ ಊರಿನವರೇ ಸಿಳ್ಳೆ ಹೊಡೆದು ಅಣಕಿಸಿದರು. ಒಮ್ಮೆ ಎದುರಾಳಿಯ ಒದೆತಕ್ಕೆ ಅವನು ನೆಲಕ್ಕೆ ಬಿದ್ದಾಗ ಚಪ್ಪಾಳೆ ತಟ್ಟಿದರು. ಅವನು ಎದ್ದು, ಅಂಗಿಯ ಮಣ್ಣು ಕೊಡವಿ, ಯಾರೂ ಕರೆಯದಿದ್ದರೂ ಗೆರೆ ದಾಟಿ ಹೊರಗೆ ನಡೆದ. ಮತ್ತೆ ಆ ಮೈದಾನಕ್ಕೆ ಇಳಿಯಲಿಲ್ಲ.

ಮನೆ ಮೈದಾನದ ಹತ್ತಿರದಲ್ಲೇ ಇತ್ತು. ಭಾನುವಾರ ತಾರಸಿಯ ಮೇಲೆ ಸುಮ್ಮನೆ ಕೂರುತ್ತಿದ್ದ. ಸದ್ದಿನಲ್ಲೇ ಎಲ್ಲ ತಿಳಿಯುತ್ತಿತ್ತು. ಇದು ಕಾರ್ನರ್, ಇದು ಕೂದಲೆಳೆಯಲ್ಲಿ ತಪ್ಪಿದ್ದು, ಇದು ಗೋಲು. ಕೂತಲ್ಲೇ ಕಾಲು ಜಗ್ಗುತ್ತಿತ್ತು. ಹೆಂಡತಿ ಹಾಜಿರಾ ನೋಡಲಾರದೆ, ‘ಒಸಿ ಹೋಗಿ ನೋಡ್ಕೊಂಡಾದ್ರೂ ಬನ್ನಿ’ ಎಂದಳು. ಒಂದು ದಿನ ಹೊರಟ. ಮೈದಾನದ ಗೋಡೆಯ ತನಕ ಹೋದವನು, ಒಳಗೆ ತನ್ನ ಜಾಗದಲ್ಲಿ ಆಡುತ್ತಿದ್ದ ಯಾರದೋ ಹೆಸರು ಹಿಡಿದು ಜನ ಕೂಗುವುದು ಕೇಳಿ, ಗೋಡೆಗೆ ಅಂಗೈ ಊರಿ ನಿಂತಿದ್ದು ಹಾಗೇ ವಾಪಸು ಬಂದ.

ಫ್ಯಾಕ್ಟರಿ ಟೀಮಿನವರು ಮತ್ತೆ ಕರೆದರು. ಹೋಗಲಿಲ್ಲ. ‘ಅಲ್ಲಿ ಆಡಿದ್ರೆ ಇವ್ರು ಅಂದಿದ್ದೇ ನಿಜ ಆಗೋಯ್ತದೆ’ ಎಂದ ಹಾಜಿರಾಳಿಗೆ.

ಕೊನೆಗೆ ಕರೆದೊಯ್ದವನು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ, ಕನಕಪುರದ ಕಡೆಯ ದೊಡ್ಡಆಲಹಳ್ಳಿಯ ಬೋರಲಿಂಗಯ್ಯ. ‘ನಮ್ ಹೈಕ್ಳಿಗೆ ಹಿಂದೆ ನಿಂತು ಆಡೋರೇ ಇಲ್ಲ ಕಣ್ಲಾ. ಬಂದು ನಿಂತ್ಕೊ, ಸಾಕು.’

ರಾಗಿ ಕೊಯ್ದ ಹೊಲದಲ್ಲಿ ಪಂದ್ಯ. ಕೂಳೆ ಚುಚ್ಚುವ ನೆಲದ ಮೇಲೆ ಹುಸೇನ್ ಒಂದು ಚೆಂಡನ್ನೂ ಬಿಡಲಿಲ್ಲ. ಗೆದ್ದ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು, ಹೆಸರು ಕೂಗುತ್ತಾ ಕುಣಿದರು. ಎತ್ತರದಲ್ಲಿ ಕೂತು ಅವನು ಸುತ್ತ ನೋಡಿದ. ಎಲ್ಲರೂ ನಗುತ್ತಿದ್ದರು. ಗುರುತಿನ ಒಂದು ಮುಖಕ್ಕಾಗಿ ಕಣ್ಣು ಆ ಸಾಲುಗಳಲ್ಲಿ ಅಲೆಯಿತು. ಬೋರಲಿಂಗಯ್ಯನ ಮನೆಯಲ್ಲಿ ಮುದ್ದೆ, ಬಸ್ಸಾರು ಬಡಿಸುತ್ತಾ ಅವನ ತಾಯಿ ಕಾವೇರಮ್ಮ, ‘ನೀನೂ ನಮ್ಮೂರೋನೇ ಆಗ್ಬುಡು ಕಣಪ್ಪ’ ಎಂದರು. ಅವನು ತಲೆ ತಗ್ಗಿಸಿ ಮುದ್ದೆ ಮುರಿದು ಸಾರಿಗೆ ಅದ್ದಿದ.

‘ಸೋತ್ರಾ?’ ಮನೆಗೆ ಬಂದವನ ಮುಖ ನೋಡಿ ಹಾಜಿರಾ ಕೇಳಿದಳು.

‘ಗೆದ್ವಿ. ಹೆಸ್ರು ಕೂಗಿ, ಹೊತ್ಕೊಂಡು ಕುಣುದ್ರು.’

‘ಮತ್ಯಾಕೆ ಹಿಂಗಿದ್ದೀರಿ?’

ಹುಸೇನ್ ಬೂಟಿಗೆ ಅಂಟಿದ್ದ ಕೆಮ್ಮಣ್ಣು ಕೆರೆಯುತ್ತಾ ಕೂತ. ‘ಭಾಳ ಒಳ್ಳೆ ಜನ. ಈ ಊರೋರು ಒಂದ್ಸಲ ಹಂಗೆ ಕೂಗಿದ್ರೆ ಸಾಕಾಗಿತ್ತು, ಹಾಜಿರಾ.’

ಮುಂದಿನ ಭಾನುವಾರವೂ ಅವನು ಕನಕಪುರದ ಬಸ್ಸು ಹತ್ತಿದ.