ನಮ್ಮ ಮನೆಯ ‘ಅಂತ’

ಬಸ್ಸು ಅಮೀನಗಡದಲ್ಲಿ ನಿಂತಿದೆ. ಬೆಲ್ಲದ ಪಾಕದ ವಾಸನೆ, ತುಪ್ಪದಲ್ಲಿ ಅಂಟು ಅರಳುವ ವಾಸನೆ ಎರಡೂ ಕೂಡಿ ಕಿಟಕಿಯಿಂದ ಒಳಗೆ ಬಂದು, ಟಿಕೆಟ್ ಇಲ್ಲದ ಪ್ರಯಾಣಿಕರ ಹಾಗೆ ಸದ್ದಿಲ್ಲದೆ ಕೂತಿವೆ. ಎಲ್ಲರಿಗೂ ಕರದಂಟಿನ ವಾಸನೆಗೆ ಬಾಯಲ್ಲಿ ನೀರೂರಿದರೆ ನನಗೆ ನಾಚಿಕೆಯಾಗುತ್ತದೆ. ಯಾಕೆ ಅಂತೀರಾ? ಡ್ರೈವರ್ ಚಹಾಕ್ಕೆ ಇಳಿದಿದ್ದಾನೆ, ಸಮಯವಿದೆ, ಹೇಳುತ್ತೇನೆ.

ನಾನು ಹುನಗುಂದದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ ಎಂದು ವರ್ಷಗಟ್ಟಲೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ನಾನು, ನೀನು, ಅವನು. ಇಂಥವನ ಮನೆಯಲ್ಲೇ ‘ನೀನು’ ಎಂಬುದು ಯಾವಾಗ ಕಳೆದುಹೋಯಿತೋ ತಿಳಿಯಲಿಲ್ಲ. ಮದುವೆಯ ಹೊಸತರಲ್ಲಿ ನನ್ನ ಹೆಂಡತಿ ಗಿರಿಜಾ, ಅವ್ವನ ಎದುರು ನನ್ನ ಜೊತೆ ಮಾತಾಡಲು ನಾಚಿ, ಅವ್ವನಿಗೇ ಹೇಳುತ್ತಿದ್ದಳು: “ಊಟಕ್ಕ ಏಳಬೇಕಂತ ಹೇಳ್ರಿ ಅವರಿಗೆ.” ಆಗ ಅದು ಚಂದವೇ ಇತ್ತು. ಅವ್ವ ಹೋದ ಮೇಲೆ ಮಗಳು ಪಲ್ಲವಿ ಆ ಕೆಲಸಕ್ಕೆ ನಿಂತಳು.

“ಪಲ್ಲವೀ, ಚಹಾ ಆಗೈತಂತ ಹೇಳು ನಿಮ್ಮಪ್ಪಗ.”

“ಪಲ್ಲವೀ, ಸಕ್ಕರಿ ಕಡಿಮಿ ಆಗೈತಂತ ಹೇಳು ನಿಮ್ಮವ್ವಗ.”

ಮೂವರೂ ಒಂದೇ ಕೋಣೆಯಲ್ಲಿ, ಕೈಗೆಟಕುವಷ್ಟು ಹತ್ತಿರ! ಚಹಾ ಆಗಿದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಆದರೂ ಅದು ಆಗಿದೆಯಂತೆ. ನಮ್ಮ ಸಂಸಾರವೆಲ್ಲ ಆ ‘ಅಂತ’ದ ಮೇಲೆ ನಡೆದಿತ್ತು.

ಪಲ್ಲವಿ ಓದಲು ಧಾರವಾಡದ ಹಾಸ್ಟೆಲ್ಲಿಗೆ ಹೋದಳು. ಅಂದಿನಿಂದ ಮಾತು ಮುಟ್ಟಿಸುವವರಿಲ್ಲ. ಚಹಾದ ಕಪ್ಪು ಮೇಜಿನ ಮೇಲೆ ಬಂದು ಕೂರುತ್ತಿತ್ತು, ಆರುತ್ತಿತ್ತು, ಹೋಗುತ್ತಿತ್ತು. ಮನೆಯಲ್ಲಿ ಎಷ್ಟು ಶಾಂತಿ ಎಂದುಕೊಂಡೆ. ಎಂಥ ದಡ್ಡ ನೋಡಿ ನಾನು! ಎರಡು ವರ್ಷದ ಮೇಲೆ ಒಂದು ದಿನ ಗಿರಿಜಾ ಬಾದಾಮಿಯ ಅಣ್ಣನ ಮನೆಗೆ ಹೊರಟಳು. ಕೈಯಲ್ಲಿದ್ದ ಸೂಟ್‌ಕೇಸು ಎರಡು ದಿನಕ್ಕೆ ಬೇಕಾದದ್ದಕ್ಕಿಂತ ಬಹಳ ದೊಡ್ಡದಿತ್ತು. ವಾರವಾದ ಮೇಲೆ ಪಲ್ಲವಿಯ ಫೋನು ಬಂತು.

“ಅಪ್ಪಾ, ಅವ್ವ ಇನ್ನ ಮನಿಗೆ ಬರೂದಿಲ್ಲಂತ. ಇದ ನೋಡು ನಾ ಮುಟ್ಟಸೂ ಕಡೀ ಸುದ್ದಿ. ಬಾಗಲಕೋಟಿ ನವನಗರದಾಗ ಒಬ್ಬರು ಕೌನ್ಸೆಲರ್ ಅದಾರ. ಒಮ್ಮೆ ಬರಾಕ ಅವ್ವ ಒಪ್ಪ್ಯಾಳ. ನೀನೂ ಹೋಗು.”

ಅಲ್ಲಿ ಏನು ಮಾಡುತ್ತಾರೆ? ಯಾರನ್ನು ಕೇಳುವುದು? ಶಾಲೆಯಲ್ಲಿ ಕಣ್ಣಿನ ದವಾಖಾನೆಗೆ ಹೋಗಬೇಕೆಂದು ರಜೆ ಬರೆದುಕೊಟ್ಟೆ. ರಕ್ತ ತೆಗೆದರೂ ತೆಗೆದಾರು ಎಂದು ಬೆಳಗಿನಿಂದ ಏನೂ ತಿನ್ನದೆ, ಹಳೆಯ ಎಕ್ಸ್‌-ರೇ, ಬಿ.ಪಿ. ಚೀಟಿ ಎಲ್ಲ ಕಂಕುಳಲ್ಲಿಟ್ಟು ಹೊರಟೆ. ಅಂದೂ ಬಸ್ಸು ಇಲ್ಲೇ ನಿಂತಿತ್ತು. ಇದೇ ವಾಸನೆ. ಹೊಟ್ಟೆ ಗುಡುಗುತ್ತಿತ್ತು, ಪಕ್ಕದವರು ತಿರುಗಿ ನೋಡುತ್ತಿದ್ದರು. ನಾಚಿಕೆ ಯಾಕೆಂದು ಈಗ ತಿಳಿಯಿತಲ್ಲ?

ಆ ಕೋಣೆ ದವಾಖಾನೆಯ ಹಾಗಿರಲೇ ಇಲ್ಲ. ಮೂರು ಬೆತ್ತದ ಕುರ್ಚಿ, ಒಂದು ತಂಬಿಗೆ ನೀರು. ತಿಳಿಹಸಿರು ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಬೆಳಕೂ ಹಸಿರಾಗಿ ನೆಲದ ಮೇಲೆ ತೇಲುತ್ತಿತ್ತು. ಹಳೆಯ ಬಾಗಲಕೋಟೆಯಲ್ಲಿದ್ದ ನನ್ನಜ್ಜನ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ಅಲ್ಲಿ ಹೋಗಿ ಕೂತರೆ ಹೀಗೇ ಇದ್ದೀತು ಅನಿಸಿತು. ಗಿರಿಜಾ ಆಗಲೇ ಬಂದು ಕೂತಿದ್ದಳು. ಕೌನ್ಸೆಲರ್ ಶಮೀಮ್ ಮೇಡಂ ನನಗಿಂತ ಚಿಕ್ಕವರು. ನನ್ನ ಎಕ್ಸ್‌-ರೇಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

“ಇದೇನೂ ಬೇಕಾಗಿಲ್ಲರಿ ಸರ್. ಗುಳಿಗಿ ಇಲ್ಲ, ಸೂಜಿ ಇಲ್ಲ, ಒಂದ್ ತಾಸು ಮಾತು, ಅಷ್ಟ. ಯಾರದರ ಜೀವಕ್ಕ ಅಪಾಯ ಇದ್ದರ ಬ್ಯಾರೆ. ಇಲ್ಲಾಂದ್ರ ಇಲ್ಲಿ ಆಡಿದ್ದು ಹೊರಗ ಹೋಗೂದಿಲ್ಲ. ಯಾರ ತಪ್ಪು, ಯಾರ ಸರಿ, ಅದನ್ನ ನಾ ಹೇಳೂದಿಲ್ಲ.”

ನನಗೆ ನಿರಾಸೆಯೇ ಆಯಿತು. ಬಸ್ಸಿನಲ್ಲಿ ನನ್ನ ಕಡೆಯ ವಾದವನ್ನೆಲ್ಲ ಜೋಡಿಸಿಕೊಂಡು ಬಂದಿದ್ದೆ.

ಯಾಕೆ ಬಂದಿರಿ ಎಂದು ಕೇಳಿದಾಗ ಗಿರಿಜಾ ಪರದೆಯನ್ನೇ ನೋಡುತ್ತ ಅಂದಳು: “ನಾ ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟಂತ ಹೇಳ್ರಿ ಅವರಿಗೆ.”

“ಹಂಗೇನಿಲ್ಲಂತ ಹೇಳ್ರಿ ಆಕಿಗೆ,” ಎಂದೆ ನಾನು.

ಶಮೀಮ್ ಮೇಡಂ ಪೆನ್ನು ಕೆಳಗಿಟ್ಟರು. “ನಾ ಯಾರಿಗೂ ಏನೂ ಹೇಳೂದಿಲ್ಲರಿ. ಎದುರಿಗೇ ಕುಂತಾರಲ್ಲ! ‘ಅಂತ’ ಬಿಟ್ಟು ಹೇಳ್ರಿ, ಸರ್.”

ಅದೇನು ಮಹಾ ಎಂದುಕೊಂಡೆ. “ಬಿಟ್ಟು ಹೋಗಬ್ಯಾಡಂತ…” ನಾಲಿಗೆ ತಾನಾಗಿ ‘ಅಂತ’ ಹಚ್ಚಿಬಿಟ್ಟಿತು.

“ಯಾರು ಅಂತಾರ್ರಿ?”

ಪರದೆ ಎಷ್ಟು ಸಲ ಉಬ್ಬಿ ಇಳಿಯಿತೋ. “ನಾ… ನಾ ಅಂತೇನಿ. ಗಿರಿಜಾ, ನೀ ನನ್ನ ಬಿಟ್ಟು ಹೋಗಬ್ಯಾಡ.” ಅಷ್ಟು ಹೇಳುವುದರಲ್ಲಿ ಅಂಗಿ ಬೆನ್ನಿಗಂಟಿತ್ತು. ಕಣ್ಣೀರೂ ಬಂತು, ಸುಳ್ಳೇಕೆ ಹೇಳಲಿ.

ಗಿರಿಜಾ ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. “ಕೇಳಿಸ್ತು,” ಎಂದಳು. ಇನ್ನೇನು ನನ್ನ ಜೊತೆ ಬರುತ್ತಾಳೆ ಎಂದುಕೊಂಡೆ. ಆಕೆ ಹೊರಗೆ ಬಂದು ಬಾದಾಮಿ ಬಸ್ಸು ಹತ್ತಿದಳು.

ಒಂದು ಸಲಕ್ಕೆ ಮುಗಿಯುವಂಥದ್ದಲ್ಲ ಅದು. ವಾರಕ್ಕೊಮ್ಮೆ ಹೋದೆವು. ದಿನಕ್ಕೊಮ್ಮೆ ಫೋನು ಮಾಡಿ ‘ನಾ’, ‘ನೀ’ ಇರುವ ಒಂದು ಮಾತಾದರೂ ಆಡಬೇಕೆಂದು ಮೇಡಂ ಹೋಂವರ್ಕ್ ಕೊಟ್ಟರು. ನನಗೇ ಹೋಂವರ್ಕ್! ಕೆಲವು ಸಲ ಒಬ್ಬೊಬ್ಬರನ್ನೇ ಕೂಡಿಸಿ ಮಾತಾಡಿದರು. ಕೆಲವು ಸಲ ಜಗಳಾಡಿಯೇ ಎದ್ದು ಬಂದೆವು. ಒಂದು ವಾರ ಆಕೆ ಹಳೆಯದೊಂದನ್ನು ತೆಗೆದಳು: ಹಿಂದೆ ಆಕೆಯ ಆಪರೇಶನ್ ಆದ ದಿನ ಮಂಚದ ಪಕ್ಕದಲ್ಲೇ ನಿಂತು ನಾನು “ಹೆಂಗದಾಳ?” ಎಂದು ನರ್ಸನ್ನು ಕೇಳಿದ್ದೆನಂತೆ. ಆಕೆ ಎಚ್ಚರವಾಗಿಯೇ ಇದ್ದಳು. ಆ ವಾರ ನಾನು ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತ ಬಂದೆ, ಏನೂ ಕಾಣಲಿಲ್ಲ. ಎಷ್ಟು ವಾರ ಹೋದರೂ ಕೊನೆಗೆ ಆಕೆಗೆ ಬಾದಾಮಿ ಬಸ್ಸು, ನನಗೆ ಈ ಬಸ್ಸು.

ಅಗೋ, ಡ್ರೈವರ್ ಲೋಟ ಕೆಳಗಿಟ್ಟ. ಇವತ್ತು ಕಿಟಕಿಯ ಸೀಟು ನನ್ನದಲ್ಲ. ಅಲ್ಲಿಂದ ಒಂದು ದನಿ ಬರುತ್ತದೆ:

“ಕರದಂಟು ಬೇಕಂತ.”

“ಯಾರಿಗಂತ?” ಎನ್ನುತ್ತೇನೆ ನಾನು, ಮಾಸ್ತರನ ಗತ್ತಿನಲ್ಲಿ.

ಗಿರಿಜಾ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ನಗುತ್ತಾಳೆ. ನಮ್ಮಿಬ್ಬರ ಕಾಲ ಬಳಿ ಇರುವ ಆ ದೊಡ್ಡ ಸೂಟ್‌ಕೇಸನ್ನು ತನ್ನ ಕಡೆ ಎಳೆದುಕೊಂಡು ನನಗೆ ದಾರಿ ಬಿಡುತ್ತಾಳೆ.

“ನನಗ್ರೀ. ನನಗ ಬೇಕು. ನೀವು ಹೋಗಿ ತರ್ರಿ.”