ಪುರಾಣದಲ್ಲಿ ಇಲ್ಲದ ಎಲೆ

ನವಲಿಯ ವಿರೂಪಾಕ್ಷಪ್ಪನಿಗೆ ನಲವತ್ತು ದಾಟಿದರೂ ಹಾರುವ ಕುದುರೆಯ ಹುಚ್ಚು ಬಿಟ್ಟಿರಲಿಲ್ಲ. ನಿಜಾಮನ ಸೀಮೆಯಲ್ಲಿ ಶಾಲೆ ಕಲಿತ ನಮಗೆಲ್ಲ ಉರ್ದು ಬರುತ್ತಿತ್ತು. ನಾವು ಅದರಲ್ಲಿ ಕಚೇರಿ ಕಾಗದ ಓದಿದೆವು, ಈ ಮನುಷ್ಯ ಮಾಯದ ಕಥೆ ಓದಿದ. ಗಂಗಾವತಿ ಸಂತೆಯಲ್ಲಿ ಹಳೆ ಪುಸ್ತಕ ಮಾರುವ ಫಕ್ರುದ್ದೀನ ಅವನಿಗೆಂದೇ ತೆಗೆದಿಡುತ್ತಿದ್ದ. ನೀರಿನ ತಳದ ಪಟ್ಟಣ, ಕಬ್ಬಿಣದ ಹಡಗಿನಲ್ಲಿ ಚಂದ್ರನಿಗೆ ಹೋದವರು, ಏನೇನೋ. ತನ್ನ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ಹಿಂದೆ ಅವನ್ನು ಮುಚ್ಚಿಟ್ಟು, ಗಿರಾಕಿ ಬಂದರೆ ಮೇಲೊಂದು ಗೋಣಿಚೀಲ ಎಳೆಯುತ್ತಿದ್ದ. ಮೂರು ಮಕ್ಕಳ ತಂದೆ ಇಂಥದ್ದು ಓದುತ್ತಾನೆಂದರೆ ಮರ್ಯಾದೆ ಏನಾಗಬೇಕು? ಊರಲ್ಲಿ ಗೊತ್ತಿದ್ದವನು ಪಕ್ಕದ ಬಟ್ಟೆ ಅಂಗಡಿಯ ನಾನೊಬ್ಬನೇ.

ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಸಂಜೆಗೆ ನಾನು ಪದ್ಯ ಹಾಡಬೇಕು, ವಿರೂಪಾಕ್ಷಪ್ಪ ಅರ್ಥ ಹೇಳಬೇಕು. ಒಣ ಅರ್ಥ ಹೇಳಿದರೆ ಜನ ಆಕಳಿಸುತ್ತಾರೆ. ಹಾಗಾಗಿ ಅವನು ಪೆಂಟೆಗಳ ಹಿಂದಿನದನ್ನು ಚೂರುಚೂರೇ ಬೆರೆಸತೊಡಗಿದ. ಜನ ಬಾಯಿ ತೆರೆದು ಕೇಳಿದರು. ಹಾಡುವ ನನಗೂ ಹುರುಪು ಬಂತು, ಸುಳ್ಳೇಕೆ ಹೇಳಲಿ.

ಮೂವತ್ತೆಂಟನೆಯ ಇಸವಿಯ ಶ್ರಾವಣ. ಐದನೆಯ ದಿನದ ಪದ್ಯದಲ್ಲಿ ಶರಣರು ಒಂದು ಗುಡ್ಡ ದಾಟಿದರು ಎಂದಿತ್ತು, ಅಷ್ಟೇ. ವಿರೂಪಾಕ್ಷಪ್ಪ ಅದಕ್ಕೆ ಕುರುಡು ಅರಸನ ಕಥೆ ಪೋಣಿಸಿದ. ಆ ಗುಡ್ಡದ ಮೇಲೆ ಬಿಳಿ ಗೆರೆಯ ಎಲೆ, ಸೂರ್ಯ ಹುಟ್ಟುವ ಮೊದಲು ಅದರ ಇಬ್ಬನಿಯನ್ನು ಇಪ್ಪತ್ತೊಂದು ದಿನ ಕಣ್ಣಿಗೆ ಬಿಟ್ಟ ಮೇಲೆ ಅರಸನಿಗೆ ದೃಷ್ಟಿ ಬಂತು.

"ಎಂಥಾ ಗುಡ್ಡ ಅಂತೀರಿ? ನಮ್ಮ ಹೇಮಗುಡ್ಡ ಇದ್ದಂಗ ಅಂತ ತಿಳೀರಿ" ಎಂದ.

ನಾನು ಪುಟ ನೋಡಿದೆ, ಅವನ ಮುಖ ನೋಡಿದೆ. ಅವನು ಕಣ್ಣು ತಪ್ಪಿಸಿದ. ಸುಮ್ಮನೆ ಮುಂದಿನ ಪದ್ಯ ಎತ್ತಿಕೊಂಡೆ.

ಕಟ್ಟೆಯ ಕೆಳಗೆ ಕೂಲಿಯ ಕನಕಮ್ಮ ಕುಳಿತಿದ್ದಳು, ಪಕ್ಕದಲ್ಲಿ ಗಂಡ ಗ್ಯಾನಪ್ಪ. ಕಲ್ಲು ಒಡೆಯುವಾಗ ಚೂರು ಸಿಡಿದು ಅವನ ಎರಡೂ ಕಣ್ಣು ಕೆಂಡವಾಗಿದ್ದವು. ತಡಮಾಡದೆ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದು ಗಂಗಾವತಿಯ ಡಾಕ್ಟರು ಹೇಳಿದ್ದರು. ಮರುದಿನ ಹೊರಡಲು ಬಂಡಿ ಗೊತ್ತುಮಾಡಿಯಾಗಿತ್ತು. ಕನಕಮ್ಮ ಅದೇ ಬಂಡಿಯನ್ನು ಹೇಮಗುಡ್ಡದ ಕಡೆ ಹೊಡೆಸಿದಳು. ಇದು ನಮಗೆ ತಿಳಿದದ್ದು ಪುರಾಣದ ಮಂಗಲದ ದಿನ.

ಅಂದು ಅರ್ಥ ಹೇಳಿದವನಿಗೆ ಶಾಲು ಹೊದಿಸುವ ಪದ್ಧತಿ. ಶಾಲು ಆಗಷ್ಟೇ ಹೆಗಲೇರಿತ್ತು. ಕನಕಮ್ಮ ಗಂಡನ ಕೈ ಹಿಡಿದು, ಒಂದು ತೆಂಗಿನಕಾಯಿ ಹಿಡಿದು ಬಂದು ಕಟ್ಟೆಯ ಕೆಳಗೆ ನಿಂತಳು.

"ನನ್ನ ಕಡೆಯಿಂದ ತಪ್ಪಾಗೇತ್ರಿ ಸಾವಕಾರ್ರ. ಒಂಬತ್ತನೇ ದಿನ ಮಳಿ ಹತ್ತಿ ಇಬ್ಬನಿ ಸಿಗಲಿಲ್ಲ. ಅದಕ್ಕ ಕಣ್ಣು ಬರಲಿಲ್ಲ. ಮತ್ತ ಮೊದಲಿಂದ ಹಿಡೀಲೇನ್ರಿ?"

ವಿರೂಪಾಕ್ಷಪ್ಪನ ಮುಖ ಬಿಳಿಚಿತು. "ದವಾಖಾನಿಗೆ ಹೋಗ್ರಿ ಕನಕವ್ವ, ಈಗಿಂದೀಗ ಹೋಗ್ರಿ" ಎಂದ.

"ಪುರಾಣಕ್ಕಿಂತ ದವಾಖಾನಿ ದೊಡ್ಡದೇನ್ರಿ?"

ಅವನು ಶಾಲು ತೆಗೆದಿಟ್ಟು ಎದ್ದು ಹೋದ. ಓಡಿ ಹೋದ ಎಂದೇ ಎಣಿಸಿದೆ. ಸ್ವಲ್ಪ ಹೊತ್ತಿಗೆ ಬೆಲ್ಲ ಅಂಟಿದ ಉರ್ದು ಪುಸ್ತಕ ಹಿಡಿದು ತಿರುಗಿ ಬಂದ. ಇಡೀ ಊರಿನ ಮುಂದೆ, ಕಟ್ಟೆ ಹತ್ತದೆ, ಕನಕಮ್ಮನ ಎದುರು ನೆಲದ ಮೇಲೆ ನಿಂತ.

"ಆ ಎಲಿ ಪುರಾಣದಾಗ ಇಲ್ಲವ್ವಾ. ಇದರಾಗ ಐತಿ. ಇದು ಕತಿ. ನಾನು ಸೇರಿಸಿ ಹೇಳಿದೆ. ನಿನ್ನ ತಪ್ಪೇನೂ ಇಲ್ಲ."

ಗ್ಯಾನಪ್ಪ ದನಿ ಬಂದ ಕಡೆ ಮುಖ ತಿರುಗಿಸಿದ.

"ಹಂಗಾರ ಆ ಅರಸಗ ಕಣ್ಣು ಬಂದಿದ್ದೂ ಸುಳ್ಳೇನ್ರಿ?"

"ಸುಳ್ಳಪಾ" ಎಂದ ವಿರೂಪಾಕ್ಷಪ್ಪ. ಅಳುತ್ತಿದ್ದ.

ಅವನೇ ಬಂಡಿ ಕಟ್ಟಿಸಿ ಜೊತೆಗೆ ಹೋದ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ನೆರಳು ಅಷ್ಟೇ ಉಳಿಯಿತು. ಆಮೇಲೆ ಅವನು ಮಠದ ಕಟ್ಟೆ ಹತ್ತಲಿಲ್ಲ. ಊರು ಅವನಿಗೆ ಸುಳ್ಳುಪುರಾಣದ ವಿರೂಪಾಕ್ಷಪ್ಪ ಎಂದು ಹೆಸರಿಟ್ಟಿತು. ಓದುವುದನ್ನು ಮಾತ್ರ ಬಿಡಲಾಗಲಿಲ್ಲ. "ಇಷ್ಟಾದ ಮ್ಯಾಲೂ ಇದರ ರುಚಿ ಹೋಗವಲ್ದು ಕಳಕಪ್ಪ, ನನಗ ನಾಚಿಕಿ ಅನ್ನೋದು ಐತೋ ಇಲ್ಲೋ" ಎಂದು ಒಮ್ಮೆ ನನ್ನ ಮುಂದೆ ತಲೆ ಬಡಿದುಕೊಂಡ. ನಲವತ್ತಾರನೆಯ ಇಸವಿಯಲ್ಲಿ ಜ್ವರ ಬಂದು ತೀರಿಕೊಂಡಾಗಲೂ ತಲೆದಿಂಬಿನ ಕೆಳಗೊಂದು ಪುಸ್ತಕವಿತ್ತು.

ಮಣ್ಣು ಕೊಟ್ಟು ಬರುವಾಗ ಗ್ಯಾನಪ್ಪ ಕೋಲೂರುತ್ತ ನನ್ನ ಜೊತೆಗೇ ನಡೆದ. ದಾರಿಯಲ್ಲಿ ಮೆಲ್ಲಗೆ ಕೇಳಿದ.

"ಪದ್ಯಾ ಹಾಡಾವ್ರು ನೀವು. ಅದರಾಗ ಎಲಿ ಇಲ್ಲ ಅನ್ನೋದು ಅವತ್ತ ನಿಮಗ ಗೊತ್ತಿತ್ತೇನ್ರಿ?"

ವಿರೂಪಾಕ್ಷಪ್ಪ ಊರೆಲ್ಲ ಕೇಳುವಂತೆ ಹೇಳಿದ್ದ. ನನ್ನನ್ನು ಕೇಳುತ್ತಿದ್ದವನು ಒಬ್ಬನೇ, ಅವನಿಗೆ ನನ್ನ ಮುಖವೂ ಕಾಣುತ್ತಿರಲಿಲ್ಲ.

"ಗೊತ್ತಿರಲಿಲ್ಲಪಾ" ಎಂದೆ.