ಸೊಣ್ಣಮ್ಮ ಹೊಡೆದುಹಾಕಿದ ಲೆಕ್ಕ

೧೯೭೮ನೆಯ ಇಸವಿ ಅಕ್ಟೋಬರ್ ೨೩, ಸೋಮವಾರ. ದಸರಾ ರಜೆ ಮುಗಿದು ಶಾಲೆ ತೆರೆದ ಆ ದಿನ, ಎರಡನೆಯ ಅವಧಿಯಲ್ಲಿ, ಹತ್ತನೆಯ ತರಗತಿಯ ‘ಬಿ’ ವಿಭಾಗಕ್ಕೆ ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗಳನ್ನು ನಾನು ಹಂಚಿದೆ. ನಲವತ್ತೊಂದು ಪತ್ರಿಕೆಗಳಲ್ಲಿ ಕಟ್ಟಕಡೆಯದು ಸೊಣ್ಣಮ್ಮನದು. ನೂರಕ್ಕೆ ಹನ್ನೊಂದು. ಅವಳು ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು, ಅಂಕದ ಕಡೆ ನೋಡಲಿಲ್ಲ, ಮಡಿಸಿ ಪುಸ್ತಕದೊಳಗೆ ಇಟ್ಟು ಕುಳಿತಳು.

ಹನ್ನೊಂದು ಅಂಕ ತೆಗೆದ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಅದು ಒಂದು ಸಂಜೆಯ ದುಃಖ. ಸೊಣ್ಣಮ್ಮನ ವಿಷಯ ಹಾಗಿರಲಿಲ್ಲ. ಅವಳ ತಂದೆ ಮುನಿಆಂಜಿನಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಬಣ್ಣ ಹಚ್ಚುವ ವಿಭಾಗದ ಕೆಲಸಗಾರರು. ೧೯೭೭ರ ಜುಲೈ ೧೨, ಮಂಗಳವಾರ, ಕಾಮಾಲೆಯಿಂದ ತೀರಿಕೊಂಡರು. ಆರು ತಿಂಗಳೊಳಗೆ ಕ್ವಾರ್ಟರ್ಸ್ ಬಿಡಬೇಕಾಯಿತು. ತಾಯಿ ಗೋಪಾಲಮ್ಮ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಸೋಲದೇವನಹಳ್ಳಿಯ ಹಳೆಯ ಮನೆಗೆ ಮರಳಿದರು. ಹಿರಿಯವಳಾದ ಸೊಣ್ಣಮ್ಮನಿಗೆ ಶಾಲೆ ಮಾತ್ರ ಜಾಲಹಳ್ಳಿಯದೇ ಉಳಿಯಿತು. ಹೆಸರಘಟ್ಟದ ಕಡೆಯಿಂದ ಬರುವ ಬೆಳಗಿನ ಆರೂ ಮುಕ್ಕಾಲರ ಬಸ್ಸಿನಲ್ಲಿ ಬರುತ್ತಿದ್ದಳು.

ಸೇವೆಯಲ್ಲಿದ್ದಾಗಲೇ ಸತ್ತವರ ಮನೆಯ ಒಬ್ಬರಿಗೆ ಆ ಕಾರ್ಖಾನೆಯಲ್ಲಿ ಕೆಲಸ ಕೊಡುವ ಪದ್ಧತಿಯಿತ್ತು. ಎಸ್.ಎಸ್.ಎಲ್.ಸಿ. ಪಾಸಾಗಿದ್ದರೆ ಬಿಡಿಭಾಗ ಜೋಡಿಸುವ ವಿಭಾಗದಲ್ಲಿ, ಇಲ್ಲವಾದರೆ ಕ್ಯಾಂಟೀನಿನಲ್ಲಿ. ಒಂದು ಮನೆಗೆ ಒಂದೇ ಕೆಲಸ, ಅದೂ ಸಾವಿನ ದಿನದಿಂದ ಎರಡು ವರ್ಷದೊಳಗೆ. ಮುನಿಆಂಜಿನಪ್ಪನವರ ಮನೆಗೆ ಆ ಅವಧಿ ೧೯೭೯ರ ಜುಲೈ ೧೧ಕ್ಕೆ ಮುಗಿಯುತ್ತಿತ್ತು. ಅದರೊಳಗೆ ಬರುವ ಪರೀಕ್ಷೆ ಒಂದೇ, ಏಪ್ರಿಲಿನದು. ಮತ್ತೆಲ್ಲ ವಿಷಯಗಳಲ್ಲಿ ಅವಳು ನಲವತ್ತು ದಾಟುತ್ತಿದ್ದಳು. ಗಣಿತದಲ್ಲಿ ಮೂವತ್ತೈದು ಬೇಕಿತ್ತು, ಬಂದದ್ದು ಹನ್ನೊಂದು.

ಅಕ್ಟೋಬರ್ ೨೫, ಬುಧವಾರ, ಗೋಪಾಲಮ್ಮ ಶಾಲೆಗೆ ಬಂದರು. ಮಗಳು ಪಕ್ಕದಲ್ಲಿ ನಿಂತಿದ್ದಳು.

“ಮೇಷ್ಟ್ರೇ, ಇವ್ಳ್ ತಲೇಲಿ ಏನೈತೆ ಅಂತ ವಸಿ ನೀವೇ ನೋಡಿ ಏಳಿ. ಅನ್ನೊಂದಂತೆ, ಅನ್ನೊಂದು! ನಮ್ಮೂರ್ ಎಮ್ಮೆ ತಂದು ಕೂರ್ಸಿದ್ರೂ ಅನ್ನೆಲ್ಡು ಬತ್ತಿತ್ತು.”

“ಎಮ್ಮೇನೇ ಕಳ್ಸು ಅಂಗಾರೆ,” ಎಂದಳು ಸೊಣ್ಣಮ್ಮ. “ಅದುಕ್ಕೆ ಬಸ್ ಚಾರ್ಜೂ ಬ್ಯಾಡ.”

“ನೋಡಿ, ನೋಡಿ, ಬಾಯಿಗೇನ್ ಕಮ್ಮಿ ಇಲ್ಲ. ಬಾಯಿಗೆ ಮಾರ್ಕ್ಸ್ ಕೊಟ್ಟಿದ್ರೆ ನೂರುಕ್ ನೂರು.” ಹೀಗೆಂದವರು ಸೆರಗಿನಿಂದ ಮೂಗು ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: “ಆಯ್ತದಾ ಸಾಮಿ?”

ಆಗುತ್ತದೆಂದು ನಾನು ಹೇಳಲಿಲ್ಲ. ನೋಡೋಣ ಎಂದೆ.

ಅವಳ ಕೊರತೆ ಎಲ್ಲಿದೆಯೆಂದು ಪತ್ರಿಕೆ ನೋಡಿದರೆ ತಿಳಿಯುತ್ತಿತ್ತು. ಒಂಬತ್ತನೆಯ ತರಗತಿಯ ಶುರುವಿನಲ್ಲಿ ಭಿನ್ನರಾಶಿಯನ್ನು ಮತ್ತೊಮ್ಮೆ ಹೇಳಿಕೊಟ್ಟ ವಾರಗಳಲ್ಲಿ ಅವಳು ಆಸ್ಪತ್ರೆಯಲ್ಲಿ ತಂದೆಯ ಮಂಚದ ಬಳಿ ಕುಳಿತಿದ್ದಳು. ಆಮೇಲೆ ಅದನ್ನು ಯಾರೂ ಹೇಳಿಕೊಡಲಿಲ್ಲ, ಅವಳೂ ಕೇಳಲಿಲ್ಲ. ಒಂದರ ಕೆಳಗೊಂದು ಎರಡು ಅಂಕಿ ಕಂಡರೆ ಪೆನ್ನು ಕೆಳಗಿಡುತ್ತಿದ್ದಳು. ಎರಡು ವರ್ಷದ ಗಣಿತವನ್ನು ಐದು ತಿಂಗಳಲ್ಲಿ ತುಂಬಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮೂವತ್ತೈದಕ್ಕೆ ಸಾಕಾಗುವಷ್ಟನ್ನೇ ಆರಿಸಿದೆ: ಏಳು ಪ್ರಮೇಯ, ಸರಾಸರಿ, ನಕ್ಷೆ ಮತ್ತು ಸರಳ ಸಮೀಕರಣ. ಭಿನ್ನರಾಶಿಯನ್ನು ಬಿಟ್ಟೆ. ಅಕ್ಟೋಬರ್ ೨೬ರಿಂದ ಪ್ರತಿದಿನ ಪ್ರಾರ್ಥನೆಯ ಗಂಟೆಗೆ ಮುಂಚೆ ಮುಕ್ಕಾಲು ಗಂಟೆ, ಶಾಲೆಯ ಹಿಂದಿನ ಜಗಲಿಯಲ್ಲಿ, ಅವಳಿಗೆ ಪಾಠ ನಡೆಯಿತು.

ಅವಳು ಜಾಣೆಯೆಂದು ನಾನು ಹೇಳುವುದಿಲ್ಲ. ಒಂದು ಪ್ರಮೇಯಕ್ಕೆ ಎಂಟು ದಿನ ಬೇಕಾಗುತ್ತಿತ್ತು. ಒಂಬತ್ತನೆಯ ದಿನ ಅರ್ಧ ಮರೆತಿರುತ್ತಿತ್ತು. ಡಿಸೆಂಬರಿನಲ್ಲಿ ಎರಡು ಸಲ, ನಾಳೆಯಿಂದ ಬರಬೇಡವೆಂದು ಹೇಳಿಬಿಡೋಣವೆನ್ನಿಸಿತು. ಅವಳು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

೧೯೭೯ರ ಜನವರಿ ೧೭, ಬುಧವಾರ. ಆ ದಿನಾಂಕವನ್ನು ನಾನು ಮರೆಯುವಂತಿಲ್ಲ. ಒಂದು ಸಮೀಕರಣದ ಲೆಕ್ಕದಲ್ಲಿ ಎಲ್ಲೋ ಕೂಡುವಲ್ಲಿ ಕಳೆದು, ಉತ್ತರ ನಾಲ್ಕೂವರೆ ಬಂದಿತ್ತು. ಅದನ್ನು ಹಿಡಿದುಕೊಂಡು ಇಡೀ ಮುಕ್ಕಾಲು ಗಂಟೆ ಕಳೆದಳು. ಆಗ ಹೇಳಿದೆ:

“ನೋಡು ಸೊಣ್ಣಮ್ಮ, ಪ್ರಶ್ನೆಪತ್ರಿಕೆ ಮಾಡೋರು ಉತ್ತರ ದುಂಡಗೆ ಬರೋ ಹಾಗೇ ಸಂಖ್ಯೆ ಆರಿಸ್ತಾರೆ. ನಿನಗೆ ಭಿನ್ನರಾಶಿ ಬಂತು ಅಂದ್ರೆ ಎಲ್ಲೋ ತಪ್ಪಿದ್ದೀಯ ಅಂತಲೇ ಅರ್ಥ. ಹೊಡೆದುಹಾಕು.”

“ಯಾವಾಗ್ಲೂ ಅಂಗೇನಾ ಸಾ?”

“ಹತ್ತು ವರ್ಷದ ಪತ್ರಿಕೆ ನೋಡಿ ಹೇಳ್ತಿದ್ದೀನಿ.”

ನಿಜವಾಗಿಯೂ ನೋಡಿದ್ದೆ. ಸಮೀಕರಣದ ಲೆಕ್ಕದ ಉತ್ತರ ಆ ಹತ್ತರಲ್ಲಿ ಒಂದರಲ್ಲೂ ಭಿನ್ನರಾಶಿಯಾಗಿರಲಿಲ್ಲ. ಅವಳ ಮುಖದ ಮೇಲೆ ಮೊದಲ ಬಾರಿಗೆ ಒಂದು ನೆಮ್ಮದಿ ಕಂಡಿತು. ಹೆದರಿಕೆಯ ವಸ್ತುವನ್ನು ನೋಡಲೇ ಬೇಕಿಲ್ಲವೆಂದು ಅಪ್ಪಣೆ ಸಿಕ್ಕಂತಾಯಿತು. ಹೊಡೆದುಹಾಕುವುದಕ್ಕೂ ನಮ್ಮ ಶಾಲೆಯಲ್ಲಿ ಒಂದು ಕ್ರಮವಿತ್ತು. ತಪ್ಪನ್ನು ಗೀಚುವಂತಿರಲಿಲ್ಲ. ಸ್ಕೇಲು ಇಟ್ಟು, ಲೆಕ್ಕದ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದೇ ಗೆರೆ ಎಳೆಯಬೇಕು. ಹಾಗೆ ಗೆರೆ ಎಳೆದದ್ದನ್ನು ಮೌಲ್ಯಮಾಪಕರು ಓದುವುದಿಲ್ಲ. ಈ ಕ್ರಮವನ್ನು ತರಗತಿಯಲ್ಲಿ ಎಲ್ಲರಿಗಿಂತ ಚೊಕ್ಕಟವಾಗಿ ಪಾಲಿಸುತ್ತಿದ್ದವಳು ಸೊಣ್ಣಮ್ಮ.

ಫೆಬ್ರವರಿ ೧೨ರಂದು ಪೂರ್ವಸಿದ್ಧತಾ ಪರೀಕ್ಷೆ ಶುರುವಾಯಿತು. ೨೬ರಂದು ಅಂಕ ಕೊಟ್ಟೆ. ಮೂವತ್ತೆರಡು. ಅದೇ ಬೆಂಚಿನಲ್ಲಿ ಕೂರುತ್ತಿದ್ದ ನಸೀಮಾ ಎಂಬ ಹುಡುಗಿ ಎಲ್ಲರಿಗೂ ಕೇಳಿಸುವಂತೆ ಅಂದಳು: “ಇನ್ ಮೂರೇ ಮೂರು ಕಣೇ! ಉಗುಳಿದ್ರೂ ಬರ್ತದೆ.” ತರಗತಿ ನಕ್ಕಿತು. ಸೊಣ್ಣಮ್ಮ ಈ ಸಲ ಪತ್ರಿಕೆಯನ್ನು ಮಡಿಸಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಇಡೀ ಅವಧಿ ನೋಡುತ್ತಿದ್ದಳು.

ಗಣಿತದ ಅಂತಿಮ ಪರೀಕ್ಷೆ ಏಪ್ರಿಲ್ ೫, ಗುರುವಾರ. ನಮ್ಮ ಮಕ್ಕಳಿಗೆ ಪರೀಕ್ಷಾಕೇಂದ್ರ ಬಿದ್ದದ್ದು ಯಶವಂತಪುರದಲ್ಲಿ. ಮಧ್ಯಾಹ್ನ ಒಂದು ಗಂಟೆಗೆ ನಾನು ಮಾರುಕಟ್ಟೆಯ ಬಳಿಯ ಬಸ್ ನಿಲ್ದಾಣದಲ್ಲಿ ಕಾದಿದ್ದೆ. ದೂರದಿಂದಲೇ ಪ್ರಶ್ನೆಪತ್ರಿಕೆ ಬೀಸುತ್ತ ಬಂದಳು.

“ಪ್ರಮೇಯ ಎಲ್ಡೂ ನಾವ್ ಓದಿದ್ದೇ ಸಾ! ಸರಾಸರಿ ಬಂದೈತೆ. ನಕ್ಷೆ ಬರ್ದಿವ್ನಿ, ಒಂದ್ ಚುಕ್ಕಿ ಸೊಟ್ಟಗೈತೆ ಅಷ್ಟೆ.”

“ಸಮೀಕರಣ?”

“ಅದೊಂದ್ ಓಯ್ತು. ಆರ್ ಮಾರ್ಕಿಂದು. ಎಲ್ಡ್ ಸಲ ಮಾಡ್ದೆ, ಎಲ್ಡ್ ಸಲಾನೂ ತಪ್ಪೇ ಬಂತು. ಗೆರೆ ಎಳ್ದು ಬುಟ್ಟೆ.”

ಪತ್ರಿಕೆ ತೆಗೆದುಕೊಂಡು ಓದಿದೆ. ಆಯತಾಕಾರದ ಒಂದು ತೋಟ. ಅದರ ಉದ್ದವು ಅಗಲದ ಎರಡರಷ್ಟಕ್ಕಿಂತ ಮೂರು ಮೀಟರು ಹೆಚ್ಚು. ಸುತ್ತಳತೆ ನಲವತ್ತು ಮೀಟರು. ಉದ್ದ, ಅಗಲಗಳನ್ನು ಕಂಡುಹಿಡಿಯಬೇಕು. ಮನಸ್ಸಿನಲ್ಲೇ ಬಿಡಿಸಿದೆ, ಮತ್ತೊಮ್ಮೆ ಬಿಡಿಸಿದೆ.

“ನಿನಗೆಷ್ಟು ಬಂತು?”

“ಅಗಲ ಐದೂ ಎಲ್ಡ್ ಬೈ ಮೂರು. ಉದ್ದ ಅದ್ನಾಕೂ ಒಂದ್ ಬೈ ಮೂರು. ಯಾರಾನಾ ತ್ವಾಟಾನ ಇಂಗ್ ಅಳೀತಾರಾ ಸಾ? ಎಲ್ಡ್ ಸಲಾನೂ ಅದೇ ತಪ್ಪ್ ಮಾಡಿವ್ನಿ ಅನ್ಕಂಡೆ.”

ನಾನು ಪತ್ರಿಕೆಯನ್ನು ಮಡಿಸಿದೆ. ಬಸ್ಸು ಬರುವ ದಿಕ್ಕಿನ ಕಡೆ ನೋಡಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಪತ್ರಿಕೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡು, ನಿಲ್ದಾಣದ ಕಲ್ಲುಚಪ್ಪಡಿಯ ಮೇಲೆ ಕುಳಿತು ಅದರ ಬೆನ್ನಿನಲ್ಲಿ ಪೆನ್ನಿನಿಂದ ಬರೆಯತೊಡಗಿದಳು. ತುಟಿ ಅಲುಗುತ್ತಿತ್ತು. ಐದೂ ಹದಿನಾಲ್ಕೂ ಸೇರಿ ಹತ್ತೊಂಬತ್ತು. ಮೂರರಲ್ಲಿ ಎರಡು ಭಾಗ, ಮೂರರಲ್ಲಿ ಒಂದು ಭಾಗ, ಸೇರಿದರೆ ಒಂದು. ಇಪ್ಪತ್ತು. ಅದರ ಎರಡರಷ್ಟು ನಲವತ್ತು. ಭಿನ್ನರಾಶಿಯೊಂದನ್ನು ಅವಳು ನಡುವೆ ನಿಲ್ಲಿಸದೆ ಕೂಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಸರಿಯಾಗೇ ಐತಲ್ಲ ಸಾ,” ಎಂದಳು.

“ಹೌದು.”

“ನೀವ್ ಏಳಿದ್ರಲ್ಲ, ದುಂಡುಗ್ ಬರ್ದೆ ಇದ್ರೆ...”

“ಹೇಳಿದ್ದೆ.”

ಇನ್ನೂ ಏನಾದರೂ ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಹೆಸರಘಟ್ಟದ ಬಸ್ಸು ಬಂತು, ಹತ್ತಿಹೋದಳು.

ಮೇ ೨೮, ಸೋಮವಾರ, ಫಲಿತಾಂಶದ ಪಟ್ಟಿ ಶಾಲೆಯ ಗೋಡೆಗೆ ಬಿತ್ತು. ಗಣಿತದಲ್ಲಿ ಮೂವತ್ತು. ಕೃಪಾಂಕ ಅವಳ ಹತ್ತಿರಕ್ಕೂ ಬರಲಿಲ್ಲ. ಆ ಆರು ಅಂಕ ಇದ್ದಿದ್ದರೆ ಮೂವತ್ತಾರು. ಉತ್ತರಪತ್ರಿಕೆಯನ್ನು ಮತ್ತೆ ನೋಡಬೇಕೆಂದು ಅರ್ಜಿ ಹಾಕುವುದಕ್ಕೂ ಅರ್ಥವಿರಲಿಲ್ಲ. ವಿದ್ಯಾರ್ಥಿಯೇ ಗೆರೆ ಎಳೆದದ್ದನ್ನು ಯಾವ ಪರೀಕ್ಷಾ ಮಂಡಲಿಯೂ ಎಣಿಸುವುದಿಲ್ಲ.

ಜೂನ್ ೪ರಂದು ಗೋಪಾಲಮ್ಮನವರೊಡನೆ ನಾನೂ ಕಾರ್ಖಾನೆಗೆ ಹೋದೆ. ಕಲ್ಯಾಣ ವಿಭಾಗದಲ್ಲಿ ಇವರ ಫೈಲು ನೋಡುತ್ತಿದ್ದವರು ಹಬೀಬುಲ್ಲಾ ಎಂಬ ಗುಮಾಸ್ತರು, ಮುನಿಆಂಜಿನಪ್ಪನವರ ಪರಿಚಯವಿದ್ದವರು. ಕುರ್ಚಿ ಎಳೆದು ಕೂರಿಸಿದರು.

“ಅಕ್ಟೋಬರಲ್ಲಿ ಮತ್ತೆ ಪರೀಕ್ಷೆ ಇದೆ,” ಎಂದೆ. “ಅಲ್ಲಿಯ ತನಕ ಈ ಜಾಗ ಕಾಯ್ದಿಡೋಕೆ ಆಗುತ್ತಾ?”

“ಸಾರ್, ಮುನಿಆಂಜಿನಪ್ಪ ನಮ್ಮ ಜೊತೆ ಒಂದೇ ತಟ್ಟೇಲಿ ಉಂಡೋನು. ನನ್ ಕೈಲಿದ್ರೆ ಇವತ್ತೇ ಹಾಕ್ತಿದ್ದೆ. ಜುಲೈ ಹನ್ನೊಂದು ದಾಟಿದ್ರೆ ಜೋಡಿಸೋ ಕೆಲ್ಸಾನೂ ಇಲ್ಲ, ಕ್ಯಾಂಟೀನೂ ಇಲ್ಲ, ಫೈಲ್ ಕಟ್ಟಿ ಮೇಲಿಡೋದೇ. ನೀವ್ ಲೆಕ್ಕದ್ ಮೇಷ್ಟ್ರು ತಾನೇ? ಪಾಸಾಗ್ತಾಳೆ ಅಂತ ಒಂದ್ ಕಾಗ್ದ ಬರ್ಕೊಡಿ, ಸಾಹೇಬ್ರ ಮುಂದೆ ಇಟ್ಟು ನೋಡ್ತೀನಿ.”

ಬರೆದುಕೊಟ್ಟೆ. ಅವಳ ಉತ್ತರ ಸರಿಯಿತ್ತೆಂದೂ, ಹೊಡೆದುಹಾಕಿದ್ದು ನನ್ನ ಮಾತಿನಿಂದೆಂದೂ, ಪೂರ್ಣ ವಿವರ ಸಹಿತ ಎರಡು ಪುಟ. ಜೂನ್ ೨೭ರಂದು ಅದು ‘ನಿಯಮದಲ್ಲಿ ಅವಕಾಶವಿಲ್ಲ’ ಎಂಬ ಒಂದು ಸಾಲಿನೊಂದಿಗೆ ಹಿಂದಿರುಗಿತು.

ಜುಲೈ ೯, ಸೋಮವಾರ, ಮಗಳು ಮತ್ತೆ ಪರೀಕ್ಷೆಗೆ ಕೂರಲೆಂದು, ಗೋಪಾಲಮ್ಮ ತಾವೇ ಕ್ಯಾಂಟೀನಿನ ಕೆಲಸಕ್ಕೆ ಹೆಬ್ಬೆಟ್ಟು ಒತ್ತಿದರು. “ಅಪ್ಪನ್ ಕೆಲ್ಸ ಮಗ್ಳಿಗೆ ಅಂದ್ರು, ಎಂಡ್ತಿಗ್ ಬಂತು,” ಎಂದು ಹಬೀಬುಲ್ಲಾ ಅವರಿಗೆ ಹೇಳಿದರು. “ಓಗ್ಲಿ ಬುಡಿ. ಮನೇಲ್ ಪಾತ್ರೆ ಉಜ್ಜೋಳು ಅಲ್ಲೂ ಉಜ್ತೀನಿ. ಪಾತ್ರೆ ದೊಡ್ಡುದು ಅಷ್ಟೆ.” ಮಗಳನ್ನು ಅವರು ಬೈಯಲಿಲ್ಲ. ಬೈಯದಿದ್ದುದನ್ನು ಕಂಡು ಸೊಣ್ಣಮ್ಮ ಹೊರಗೆ ಹೋಗಿ ನಿಂತಳು.

ಅಕ್ಟೋಬರಿನಲ್ಲಿ ಅವಳು ಮತ್ತೆ ಕುಳಿತಳು. ಈ ಸಲ ಮೊದಲ ಪುಟದಿಂದ, ಭಿನ್ನರಾಶಿಯಿಂದಲೇ, ಓದಿದೆವು. ಡಿಸೆಂಬರ್ ೧೮ರಂದು ಅಂಕಪಟ್ಟಿ ಬಂತು: ಗಣಿತ, ಅರವತ್ತೊಂದು. ಅದನ್ನು ಶಾಲೆಯ ಕಚೇರಿಯಲ್ಲಿ ಸಹಿ ಮಾಡಿ ತೆಗೆದುಕೊಂಡು ನನ್ನ ಬಳಿ ಬಂದು ಕೇಳಿದಳು:

“ಇದುನ್ನ ಈಗ ಎಲ್ಲಿಗ್ ಕೊಡ್ಬೇಕು ಸಾ?”

ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸು ಎಂದೆ. ೧೯೮೦ರ ಜನವರಿ ೩, ಗುರುವಾರ, ಅವಳು ಹೆಸರು ಬರೆಸಿದಳು. ತಾಯಿಯ ಕೆಲಸ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು. ತಂಗಿಯರನ್ನೂ ಮನೆಯನ್ನೂ ನೋಡಿಕೊಳ್ಳಬೇಕಾದ್ದರಿಂದ ಸೊಣ್ಣಮ್ಮ ಊರಿನ ಹತ್ತಿರದ ಒಂದು ಸಸಿ ತೋಟದಲ್ಲಿ ಕಳೆ ಕೀಳುವ, ಚೀಲಕ್ಕೆ ಮಣ್ಣು ತುಂಬುವ ದಿನಗೂಲಿಗೆ ಸೇರಿದಳು. ಮೊದಲನೆಯ ತಂಗಿಯ ಮದುವೆಯಾಯಿತು, ಎರಡನೆಯವಳದೂ ಆಯಿತು. ಇವಳದು ಎರಡು ಸಲ ಮಾತಿಗೆ ಬಂದು ನಿಂತಿತು; ಕಾರಣ ನನಗೆ ಗೊತ್ತಿಲ್ಲ, ಕೇಳುವ ಅಧಿಕಾರವೂ ನನಗಿರಲಿಲ್ಲ. ನಾನು ೧೯೮೫ರ ಏಪ್ರಿಲ್ ೩೦ರಂದು ನಿವೃತ್ತನಾದೆ.

ಅವಳನ್ನು ಕಡೆಯದಾಗಿ ಕಂಡದ್ದು ೧೯೮೯ರ ಜನವರಿ ೨, ಸೋಮವಾರ, ಯಶವಂತಪುರದಲ್ಲಿ. ಬಸ್ಸಿಗೆ ಕಾಯುತ್ತಿದ್ದಳು. ಇಪ್ಪತ್ತಾರು ವರ್ಷ, ಬೆರಳಿನ ಸಂದುಗಳಲ್ಲಿ ಕೆಂಪುಮಣ್ಣು. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಉದ್ಯೋಗ ವಿನಿಮಯದ ಕಾರ್ಡು.

“ರಿನೀವಲ್ ಮಾಡ್ಸಕ್ ಬಂದಿದ್ದೆ ಸಾ. ಮೂರ್ ವರ್ಷುಕ್ಕೊಂದ್ ಸಲ ಬರ್ಬೇಕು.”

“ಇಷ್ಟು ವರ್ಷದಲ್ಲಿ ಒಂದಾದ್ರೂ ಕರೆ ಬಂತೇನಮ್ಮ?”

“ಎಂಬತ್ನಾಕ್ರಲ್ಲಿ ಒಂದ್ ಬಂದಿತ್ತು. ಆರ್ ಕೆಲ್ಸುಕ್ಕೆ ನಾಕ್ನೂರ್ ಜನ. ನಿಂತು ನಿಂತು ಕಾಲ್ ನೋವ್ ಬಂತು, ಅಷ್ಟೆ ಲಾಬ.”

“ಮತ್ತೆ ಯಾಕೆ ಕೂಲಿ ಕಳ್ಕೊಂಡು ಬರ್ತೀಯ?”

“ಬುಟ್ರೆ ಸೀನಿಯಾರ್ಟಿ ಓಯ್ತದಲ್ಲ ಸಾ,” ಎಂದಳು, ಇಷ್ಟೂ ತಿಳಿಯದೇ ಎಂಬಂತೆ. “ಒಂಬತ್ ವರ್ಷುದ್ದು ಐತೆ. ನಂಗಿಂತ ಆಮೇಲ್ ಬರ್ಸಿದೋರು ಎಷ್ಟ್ ಜನ ಅವ್ರೆ ಗೊತ್ತಾ?”

ಕಾರ್ಡನ್ನು ತೋರಿಸಿದಳು. ಮುಂದಿನ ನವೀಕರಣ ೧೯೯೨ರ ಜನವರಿ ಎಂದು ಅದರ ಮೇಲೆ ನೇರಳೆ ಬಣ್ಣದ ಮುದ್ರೆ ಬಿದ್ದಿತ್ತು, ಇನ್ನೂ ಹಸಿಯಾಗಿತ್ತು. ಅದು ಅಳಿಸಿಹೋಗದಂತೆ ಗಾಳಿಯಲ್ಲಿ ಆಡಿಸಿ ಒಣಗಿಸಿದಳು. ಮಧ್ಯಾಹ್ನದೊಳಗೆ ತೋಟಕ್ಕೆ ಹೋದರೆ ಅರ್ಧ ದಿನದ ಕೂಲಿಯಾದರೂ ಸಿಗುತ್ತದೆಂದು ಹೇಳಿ, ಬಂದ ಬಸ್ಸನ್ನು ಓಡಿಹೋಗಿ ಹತ್ತಿದಳು.